ಠಾಣೆಯಲ್ಲಿ ಸುಮ್ಮನಿದ್ದರೆ ತಪ್ಪೊಪ್ಪಿಕೊಂಡಂತೆಯೇ?

ಪ್ರಶ್ನೆ: ನನ್ನ ತಮ್ಮನನ್ನು ಪೊಲೀಸರು ಬಂಧಿಸಿದ್ದಾರೆ. ಅವರು ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಡಲೇಬೇಕೇ? ಬಾಯಿ ಬಿಡದಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ? (ಆಳಂದ ತಾಲ್ಲೂಕಿನ ಓದುಗರು)

ಉತ್ತರ: ಆಗುವುದಿಲ್ಲ. ಮೌನವೇ ಸಮ್ಮತಿ ಎಂಬ ಮಾತು ಮನೆಯಲ್ಲಿ ನಡೆದೀತು, ಕ್ರಿಮಿನಲ್ ಕಾನೂನಿನಲ್ಲಿ ನಡೆಯುವುದಿಲ್ಲ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಈ ರಕ್ಷಣೆ ನ್ಯಾಯಾಲಯದ ಕಟಕಟೆಯಲ್ಲಷ್ಟೇ ಅಲ್ಲ, ಠಾಣೆಯ ವಿಚಾರಣೆಯಲ್ಲೂ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ನಂದಿನಿ ಸತ್ಪತಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು 2010ರಲ್ಲಿ ಅದೇ ನ್ಯಾಯಾಲಯ ಹೇಳಿದ್ದು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ.

ಆದರೆ ಈ ಹಕ್ಕು ಹೆಸರು, ವಿಳಾಸ ಮುಚ್ಚಿಡಲು ಅಲ್ಲ. ಬೆರಳಚ್ಚು, ಕೈಬರಹದ ಮಾದರಿ ಕೊಡುವುದೂ ತನ್ನ ವಿರುದ್ಧ ಸಾಕ್ಷಿ ನುಡಿದಂತಲ್ಲ ಎಂದು 1961ರಲ್ಲೇ ತೀರ್ಮಾನವಾಗಿದೆ.

ನನಗೆ ಹೆಚ್ಚು ಕಳವಳವಿರುವುದು ಸಹಿಯ ವಿಷಯದಲ್ಲಿ. ನಮ್ಮ ಕಲಬುರಗಿ, ಬೀದರ ಭಾಗದಲ್ಲಿ ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಆಡುವವರು ಬಹಳ. ಕನ್ನಡದಲ್ಲಿ ಬರೆದುಕೊಂಡದ್ದನ್ನು ಓದಲಾಗದೆ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುವ ಅಪಾಯ ಅಂಥವರಿಗೆ ಹೆಚ್ಚು. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ, ಅದನ್ನು ಕೊಟ್ಟವರ ಸಹಿ ಪಡೆಯುವಂತಿಲ್ಲ ಎಂದು, ಬಂಧನ ಮತ್ತು ತನಿಖೆಯ ಕ್ರಮವನ್ನು ಹೇಳುವ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ ಹೇಳುತ್ತದೆ. ಬಂಧನದ ಮೆಮೋಗೆ, ಅಂದರೆ ಬಂಧನದ ವಿವರ ಬರೆದ ಪತ್ರಕ್ಕೆ, ಸಹಿ ಬೇಕಾಗುತ್ತದೆ, ಆದರೆ ಅದನ್ನು ಓದಿಸಿಕೊಂಡು ಹಾಕಬೇಕು. ಖಾಲಿ ಹಾಳೆಗೆ ಎಂದಿಗೂ ಹಾಕಬಾರದು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಹಾಗೆಂದು ನಿಶ್ಚಿಂತರಾಗಬೇಡಿ: ಅವನು ಹೇಳಿದ ಜಾಗದಲ್ಲಿ ವಸ್ತು ಸಿಕ್ಕರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಡಿ ನ್ಯಾಯಾಲಯ ಪರಿಗಣಿಸಬಹುದು.

ಆದ್ದರಿಂದ ನಿಮ್ಮ ತಮ್ಮ 'ವಕೀಲರನ್ನು ಕಂಡ ಮೇಲೆ ಉತ್ತರಿಸುತ್ತೇನೆ' ಎಂದು ವಿನಯದಿಂದ ಹೇಳಲಿ. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನಲ್ಲಿದೆ, ಪೂರ್ತಿ ವಿಚಾರಣೆಯಲ್ಲಿ ಅವರು ಜೊತೆಗಿರಲು ಅವಕಾಶವಿಲ್ಲದಿದ್ದರೂ. ಬಂಧಿತರಿಗೆ ವಕೀಲರ ನೆರವು ಉಚಿತವಾಗಿ ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಠಾಣೆಯಲ್ಲಿ ಹೊಡೆದಿದ್ದರೆ, ಬೆದರಿಸಿ ಮಾತು ಹೊರಡಿಸಿದ್ದರೆ ಅವನು ಅದನ್ನು ಮ್ಯಾಜಿಸ್ಟ್ರೇಟರಿಗೆ ಅಂದೇ, ತನ್ನದೇ ಭಾಷೆಯಲ್ಲಿ ಹೇಳಲಿ.