ಇಂಜೆಕ್ಷನ್ ಕೊಟ್ರೂ ಹೊಟ್ಟೆಗೆ ತಪ್ಪಿದ್ದಲ್ಲ

ನೋವಿನ ಮಾತ್ರೆ ಖಾಲಿ ಹೊಟ್ಟೇಲಿ ತಗೋಬಾರ್ದು ಅಂತ ನಮ್ಮ ಮಲೆನಾಡಲ್ಲಿ ಎಲ್ರಿಗೂ ಗೊತ್ತು, ಅದ್ಕೇ ಶಿವಮೊಗ್ಗದ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದೋರು "ಮಾತ್ರೆ ಬೇಡ ಡಾಕ್ಟ್ರೇ, ಗ್ಯಾಸ್ಟ್ರಿಕ್ ಆಗುತ್ತೆ, ಇಂಜೆಕ್ಷನ್ನೇ ಕೊಟ್ಬಿಡಿ" ಅಂತಾರೆ. ಆದ್ರೆ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿನ ಸೊಂಟಕ್ಕೆ ಚುಚ್ಚಿದ್ರೂ ಹೊಟ್ಟೇಲಿ ಹುಣ್ಣಾಗಿ ರಕ್ತ ಸುರಿಯಬಹುದು. ಯಾಕಂದ್ರೆ ದೊಡ್ಡ ಹಾನಿ ಮಾತ್ರೆ ತಾಗೋದ್ರಿಂದ ಅಲ್ಲ, ರಕ್ತದ ಮೂಲಕವೇ ಆಗೋದು.

ಪೆಟ್ಟು ಬಿದ್ದ ಜಾಗದಲ್ಲಿ ಊತ, ನೋವು ಹೆಚ್ಚಿಸೋದು ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ. ಆಸ್ಪಿರಿನ್ ಇದರ ತಯಾರಿಯನ್ನೇ ತಡೆಯುತ್ತೆ ಅಂತ 1971ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿದ್ರು, 1982ರಲ್ಲಿ ನೊಬೆಲ್ ಬಂತು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಎಲ್ಲಾ ಇದೇ ದಾರಿಯವು. ತೊಂದ್ರೆ ಏನಂದ್ರೆ ಹೊಟ್ಟೆ ಒಳಪದರದ ಲೋಳೆ ಕಾಪಾಡೋದೂ ಪ್ರೊಸ್ಟಾಗ್ಲಾಂಡಿನ್ನೇ, ಮೈಯಲ್ಲಿ ನೀರು ಕಮ್ಮಿ ಆದಾಗ ಕಿಡ್ನಿಗೆ ರಕ್ತ ಹೋಗೋ ಸಣ್ಣ ನಾಳ ಮುಚ್ಚಿಕೊಳ್ಳದ ಹಾಗೆ ನೋಡ್ಕೊಳ್ಳೋದೂ ಅದೇ. ಮಂಡಿಗೆ ಅಂತ ತಗೊಂಡಿದ್ದು ಅಲ್ಲೆಲ್ಲಾ ಹೋಗಿ ಕೆಲ್ಸ ಮಾಡುತ್ತೆ.

ಇದು ಅಪರೂಪದ ಸಂಗತಿ ಅಂದ್ಕೋಬೇಡಿ. ಇಂಗ್ಲೆಂಡಿನ ಲಿವರ್‌ಪೂಲ್ ಕಡೆ 18,820 ರೋಗಿಗಳನ್ನ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆ ಸೇರಿದೋರಲ್ಲಿ ಶೇ. 6.5ರಷ್ಟು ಜನರ ದಾಖಲಾತಿಗೆ ಔಷಧಿಯ ಅಡ್ಡಪರಿಣಾಮದ ಸಂಬಂಧ ಇತ್ತು, ಅದರಲ್ಲಿ ಹತ್ತಿರ ಹತ್ತಿರ ಶೇ. 30ರಲ್ಲಿ ಆಸ್ಪಿರಿನ್ನೂ ಸೇರಿ ಈ ಗುಂಪಿನ ಮಾತ್ರೆಗಳ ಪಾತ್ರ. ಹೊಟ್ಟೆಗೆ ಹಗುರ ಅಂತ 1999ರಲ್ಲಿ ಬಂದ ರೋಫೆಕಾಕ್ಸಿಬ್ ಅನ್ನೋ ನೋವಿನ ಮಾತ್ರೆ ಕೂಡ ಹಾರ್ಟ್ ಅಟ್ಯಾಕ್ ಅಪಾಯ ಹೆಚ್ಚಿಸುತ್ತೆ ಅಂತ ಗೊತ್ತಾಗಿ 2004ರಲ್ಲೇ ವಾಪಸ್ ಹೋಯ್ತು.

ನಂಗೆ ಜಾಸ್ತಿ ಭಯ ಆಗೋದು ಕಿಡ್ನಿ ವಿಷಯ. ಸಾಗರದ ಕಡೆಯ ಒಬ್ಬ ಅಜ್ಜಿ ಅಂದ್ಕೊಳ್ಳಿ, ಅಡಿಕೆ ಸುಲಿದು ಸುಲಿದು ಸೊಂಟ ಹಿಡ್ಕೊಂಡಿದೆ, ವಾಂತಿ ಭೇದಿ ಅಂತ ಅಡ್ಮಿಟ್ ಆಗಿದಾರೆ. ಅವರ ಬಿಪಿ ಮಾತ್ರೆ ಸ್ಟ್ರಿಪ್ ತಿರುಗಿಸಿ ಓದಿ: ಟೆಲ್ಮಿಸಾರ್ಟಾನ್ 40, ಕೆಳಗೆ ಸಣ್ಣಕ್ಷರದಲ್ಲಿ ಹೈಡ್ರೋಕ್ಲೋರೋಥಯಾಜೈಡ್ 12.5. ಒಂದೇ ಮಾತ್ರೆ, ಎರಡು ಔಷಧಿ, ಎರಡನೇದು ಮೂತ್ರ ಜಾಸ್ತಿ ಮಾಡೋದು. ಇದ್ರ ಮೇಲೆ ನೋವಿನ ಇಂಜೆಕ್ಷನ್ ಬಿದ್ರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ, ಭೇದಿಯಿಂದ ನೀರು ಬೇರೆ ಕಮ್ಮಿ ಆಗಿದೆ. ಕಿಡ್ನಿ ಸೋತಾಗ ರಕ್ತದಲ್ಲಿ ಏರೋ ಕ್ರಿಯಾಟಿನಿನ್ ಅನ್ನೋ ತ್ಯಾಜ್ಯ ಹೆಚ್ಚೋಕೆ ಕೆಲವೇ ದಿನ ಸಾಕು. ಬೇಗ ಗೊತ್ತಾಗಿ ನಿಲ್ಲಿಸಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ, ಆದ್ರೆ ಅಜ್ಜಿ ಬಿಪಿ ಮಾತ್ರೆ ಮನೇಲೇ ಬಿಟ್ಟು ಬಂದಿದ್ರೆ ವಾರ್ಡಿನಲ್ಲಿ ಯಾರಿಗೆ ಗೊತ್ತಾಗ್ಬೇಕು? ಸ್ಟ್ರಿಪ್ಪೇ ತಗೊಂಡೋಗಿ ತೋರಿಸಿ, ಮೆಡಿಕಲ್‌ನಲ್ಲಿ ಕೇಳಿ ನುಂಗಿದ್ದನ್ನೂ ಹೇಳಿ, ಬೈತಾರೆ ಅಂತ ಮುಚ್ಚಿಡ್ಬೇಡಿ. ಅಸ್ತಮಾ ಇರೋರಲ್ಲಿ ಕೆಲವ್ರಿಗೆ ಒಂದೇ ನೋವಿನ ಮಾತ್ರೆಗೆ ಉಸಿರು ಕಟ್ಟುತ್ತೆ, ಅದನ್ನಂತೂ ಮೊದಲೇ ಹೇಳ್ಬೇಕು.

ನಮ್ಮೂರ ಜ್ವರಗಳ ಕಥೆ ಇನ್ನೂ ಸೂಕ್ಷ್ಮ. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೇಲಿ ಮೈಕೈ ನೋವು ತಡೆಯೋಕಾಗಲ್ಲ, ಡೆಂಗ್ಯೂನೂ ಹಂಗೇ, ಆದ್ರೆ ಎರಡರಲ್ಲೂ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗ್ಬಹುದು. ನೋವಿನ ಮಾತ್ರೆ ಆ ಅಪಾಯನ ಹೆಚ್ಚಿಸುತ್ತೆ. ಇಲಿ ಜ್ವರ ಆದ್ರೆ ಕಿಡ್ನಿಗೇ ಕೈ ಹಾಕುತ್ತೆ. ಹಾಗಾಗಿ ಜ್ವರ ಯಾವ್ದು ಅಂತ ಗೊತ್ತಾಗೋವರೆಗೂ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಬಿಟ್ಟು ಬೇರೇದಕ್ಕೆ ಕೈ ಹಾಕ್ಬೇಡಿ. ಹಾರ್ಟಿಗೆ ಅಂತ ಡಾಕ್ಟರ್ ಬರೆದ ಸಣ್ಣ ಡೋಸಿನ ಆಸ್ಪಿರಿನ್ ಇದ್ರೆ ನೀವಾಗೇ ನಿಲ್ಲಿಸ್ಬೇಡಿ, ಅವ್ರನ್ನೇ ಕೇಳಿ.

ವಾರ್ಡಿನಲ್ಲಿ ಜೊತೆಗೆ ಇರೋರು ಮೂತ್ರ ಕಮ್ಮಿ ಆಯ್ತಾ, ಮಲ ಟಾರಿನಂಗೆ ಕಪ್ಪಗಿದ್ಯಾ, ಮೈಮೇಲೆ ದದ್ದು ಬಂತಾ ನೋಡ್ಕೊಂಡು ತಕ್ಷಣ ಸಿಸ್ಟರ್‌ಗೆ ಹೇಳಿ. ಔಷಧಿಯಿಂದ ತೊಂದ್ರೆ ಆಗಿದೆ ಅನ್ಸಿದ್ರೆ ದೂರು ಕೊಡೋಕೆ ಸರ್ಕಾರದ್ದೇ ಉಚಿತ ನಂಬರ್ ಇದೆ, 1800-180-3024, ಡಾಕ್ಟರೇ ಮಾಡ್ಬೇಕು ಅಂತಿಲ್ಲ, ಮನೆಯವ್ರೂ ಮಾಡ್ಬಹುದು.