ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕುವ ಮೊದಲು ಒಂದು ಕೇಬಲ್ ಟೈ ಕಟ್ಟಿ ನೋಡಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಗ್ಯಾರೇಜಿಗೆ ಒಂದು ಪೋರ್ಷೆ ಬಾಕ್‌ಸ್ಟರ್ ಬಂತು. 987 ಮಾಡೆಲ್, ಸೆಕೆಂಡ್ ಹ್ಯಾಂಡ್ ಗಾಡಿ. "ಸರ್, ನಂದಿ ಬೆಟ್ಟದ ತಿರುವಿನಲ್ಲಿ ಹಿಂಭಾಗ ಇದ್ದಕ್ಕಿದ್ದ ಹಾಗೆ ಜಾರುತ್ತೆ. ಇನ್ನೂ ಗಟ್ಟಿ ಶಾಕ್ ಹಾಕ್ಬಿಡಿ" ಅಂದರು ಓನರ್. ಕೆಳಗೆ ಬಗ್ಗಿ ನೋಡಿದೆ. ಹಿಂದೆ ಯಾರೋ ಕಂಪನಿ ಶಾಕ್ ಹಾಗೇ ಬಿಟ್ಟು, ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸಿದ್ದರು.

ಬಿಲ್ ಬರೆಯುವ ಮೊದಲು ನಾನು ಒಂದು ಕೆಲಸ ಮಾಡುತ್ತೇನೆ. ಶಾಕ್‌ನ ಧೂಳಿನ ಕವರ್ ಮೇಲೆತ್ತಿ, ಹೊಳೆಯುವ ರಾಡ್‌ಗೆ ಒಂದು ಕೇಬಲ್ ಟೈ (ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಕಟ್ಟಿ, ಆಯಿಲ್ ಸೋರದಂತೆ ತಡೆಯುವ ಸೀಲ್‌ಗೆ ತಾಗುವ ಹಾಗೆ ಇಳಿಸುತ್ತೇನೆ. ಆಮೇಲೆ ಓನರ್ ದಿನಾ ಓಡಿಸುವ ರಸ್ತೆಯಲ್ಲೇ ಒಂದು ಸುತ್ತು. ಶಾಕ್ ಎಷ್ಟು ಒಳಗೆ ಹೋಗುತ್ತದೋ ಅಷ್ಟಕ್ಕೆ ಟೈ ಮೇಲೆ ಸರಿದು ನಿಲ್ಲುತ್ತದೆ. ಈ ಬಾಕ್‌ಸ್ಟರ್‌ನಲ್ಲಿ ಅದು ಬಂಪ್ ಸ್ಟಾಪ್‌ಗೆ, ಅಂದರೆ ಶಾಕ್ ತೀರಾ ಒಳಗೆ ಹೋಗದಂತೆ ತಡೆಯುವ ರಬ್ಬರ್ ತುಂಡಿಗೆ, ಒತ್ತಿಕೊಂಡು ನಿಂತಿತ್ತು. ಕಾರು ಸುಮ್ನೆ ನಿಂತಾಗಲೂ ಬಂಪ್ ಸ್ಟಾಪ್‌ಗೂ ಶಾಕ್‌ಗೂ ನಡುವೆ ಒಂದು ಬೆರಳಷ್ಟೇ ಜಾಗ.

ಜಾರುವುದಕ್ಕೆ ಕಾರಣ ಇದೇ. ತಿರುವಿನಲ್ಲಿ ಕಾರು ಹೊರಬದಿಗೆ ವಾಲುತ್ತದೆ. ಶಾಕ್‌ಗೆ ಒಳಗೆ ಹೋಗಲು ಜಾಗ ಮುಗಿದ ತಕ್ಷಣ ಆ ರಬ್ಬರ್ ತುಂಡೇ ಸ್ಪ್ರಿಂಗ್ ಆಗುತ್ತದೆ, ಅದೂ ತುಂಬಾ ಗಟ್ಟಿ ಸ್ಪ್ರಿಂಗ್. ಹೊರಬದಿಯ ಹಿಂದಿನ ಟೈರಿನ ಮೇಲೆ ಒಮ್ಮೆಲೇ ಭಾರ ಬೀಳುತ್ತದೆ. ಟೈರ್ ತಡೆಯುವುದಿಲ್ಲ. ಇಲ್ಲಿ ಎಷ್ಟು ದುಬಾರಿ ಶಾಕ್ ಹಾಕಿದರೂ ಜಾಗ ಜಾಸ್ತಿ ಆಗುವುದಿಲ್ಲ, ಅಲ್ವಾ?

ಒಂದು ಮಾತು ಮನಸ್ಸಲ್ಲಿಟ್ಟುಕೊಳ್ಳಿ. ಕಾರಿನ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದು ಶಾಕ್‌ನ ಕೆಲಸ. ಒಳಗೆ ಆಯಿಲ್ ಇದೆ, ಪಿಸ್ಟನ್ ಇದೆ, ಪಿಸ್ಟನ್‌ನಲ್ಲಿ ಸಣ್ಣ ವಾಲ್ವ್‌ಗಳಿವೆ. ಆಯಿಲ್ ಅವುಗಳ ಮೂಲಕ ನುಗ್ಗುವಾಗ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಒಂದಷ್ಟು ದೂರ ಓಡಿಸಿ ಬಂದು ಶಾಕ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಶಾಕ್ ವಿಷಯದಲ್ಲಿ ಬಳಸುವ 'ಲೋ ಸ್ಪೀಡ್', 'ಹೈ ಸ್ಪೀಡ್' ಅನ್ನುವ ಮಾತು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ಅದು ಕಾರಿನ ವೇಗ ಅಲ್ಲ, ಪಿಸ್ಟನ್ನಿನ ವೇಗ. 100 ಕಿಲೋಮೀಟರ್ ವೇಗದಲ್ಲಿ ಉದ್ದನೆಯ ತಿರುವು ತಗೊಂಡರೆ ಪಿಸ್ಟನ್ ನಿಧಾನ ಚಲಿಸುತ್ತದೆ. 20ರಲ್ಲಿ ಚೂಪಾದ ಹಂಪ್ ಹತ್ತಿಸಿದರೆ ಜೋರಾಗಿ ಚಲಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆಯಲ್ಲಿ ಹಂಪ್ ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ಅದೇ ಎತ್ತರವನ್ನು ಎರಡು ಅಡಿ ಅಗಲದಲ್ಲಿ ಕಟ್ಟಿಬಿಡುತ್ತಾರೆ. ಒಳ್ಳೆಯ ಶಾಕ್ ಅಂದರೆ ಪಿಸ್ಟನ್ ನಿಧಾನವಿದ್ದಾಗ ಬಿಗಿ ಹಿಡಿಯಬೇಕು, ಹಂಪ್ ಗುದ್ದಿದಾಗ ವಾಲ್ವ್ ತೆರೆದು ಆಯಿಲ್ ಬಿಟ್ಟುಕೊಡಬೇಕು. ಎರಡರಲ್ಲೂ ಗಟ್ಟಿ ಇರುವ ಶಾಕ್ ಟೈರನ್ನು ರಸ್ತೆಯಿಂದ ಎಬ್ಬಿಸುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು?

ಇನ್ನು ಮಾನೋಟ್ಯೂಬ್ ಅನ್ನುವ ಬಗೆಯ ಶಾಕ್. ಇದರಲ್ಲಿ ಒಂದೇ ಕೊಳವೆ. ಆಯಿಲ್ ಒಂದು ಕಡೆ, ಒತ್ತಡ ತುಂಬಿದ ನೈಟ್ರೋಜನ್ ಇನ್ನೊಂದು ಕಡೆ, ನಡುವೆ ತೇಲುವ ಪಿಸ್ಟನ್. ಹಾಗಾಗಿ ಆಯಿಲ್ ನೊರೆ ಕಟ್ಟುವುದಿಲ್ಲ. ಸತತ ಹತ್ತು ತಿರುವು ತಗೊಂಡ ಮೇಲೂ ಅದೇ ಹಿಡಿತ ಕೊಡುತ್ತದೆ. ಜರ್ಮನಿಯ ಬಿಲ್‌ಸ್ಟೈನ್ 1957ರಲ್ಲಿ ಮರ್ಸಿಡಿಸ್ ಕಾರಿಗೆ ಈ ಬಗೆಯ ಶಾಕ್ ಕೊಟ್ಟಿತು. ಅವರ ಬಿ6 ಶಾಕ್ ಕಾರಿನ ಕಂಪನಿ ಎತ್ತರಕ್ಕೆ, ಬಿ8 ತಗ್ಗಿಸಿದ ಕಾರಿಗೆ. ಬಿ8ನ ಮೈಯೇ ಗಿಡ್ಡ. ಗಿಡ್ಡ ಸ್ಪ್ರಿಂಗ್ ಹಾಕುವವರು ಈ ವ್ಯತ್ಯಾಸ ನೋಡಲೇಬೇಕು. ಕೋನಿ ಕಂಪನಿಯ ಹಳದಿ ಶಾಕ್ ಕೂಡ ನನಗೆ ಇಷ್ಟ. ಅದರಲ್ಲಿ ತಿರುಗಿಸಿ ಹೊಂದಿಸಬಹುದಾದದ್ದು ರಿಬೌಂಡ್ ಮಾತ್ರ, ಅಂದರೆ ಶಾಕ್ ಹಿಗ್ಗುವಾಗಿನ ಬಿಗಿ. ಕೊಂಡ ದಿನವೇ ತುದಿವರೆಗೆ ತಿರುಗಿಸಬೇಡಿ. ಅತಿ ಮೆತ್ತಗಿನಿಂದ ಶುರು ಮಾಡಿ, ಕಾರು ತೇಲುವುದು ನಿಂತ ಕಡೆ ನಿಲ್ಲಿಸಿ.

ಬಾಕ್‌ಸ್ಟರ್ ಓನರ್‌ಗೆ ಕಾರು ತಗ್ಗಿ ಕಾಣುವುದು ಇಷ್ಟವಾಗಿತ್ತು. ಅದು ನನಗೂ ಅರ್ಥವಾಗುತ್ತದೆ. ಆದರೆ ಈ ಕಾರಿನ ಹಿಂದೆ ಮುಂದೆ ಎರಡೂ ಕಡೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಇರುವ ಕಂಬ) ಇದೆ. ತುಂಬಾ ತಗ್ಗಿಸಿದರೆ ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗುತ್ತದೆ. ಆಗ ಕಾರು ವಾಲಲು ಆಧಾರವಾಗುವ ರೋಲ್ ಸೆಂಟರ್, ಕಾರಿನ ಮೈಗಿಂತ ಜಾಸ್ತಿ ಕೆಳಗಿಳಿಯುತ್ತದೆ. ಕಾರು ಕುಳ್ಳಗೆ ಕಂಡರೂ ವಾಲಿಸುವ ಬಲ ಹೆಚ್ಚಬಹುದು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ಒಪ್ಪಿದರು.

ಕಂಪನಿ ಎತ್ತರದ ಸ್ಪ್ರಿಂಗ್, ಅದಕ್ಕೆ ಹೊಂದುವ ಮಾನೋಟ್ಯೂಬ್ ಶಾಕ್ ನಾಲ್ಕು, ಹೊಸ ಬಂಪ್ ಸ್ಟಾಪ್, ಶಾಕ್‌ನ ತುದಿಯನ್ನು ಕಾರಿನ ಮೈಗೆ ಹಿಡಿದಿಡುವ ಹೊಸ ಟಾಪ್ ಮೌಂಟ್. ಇಷ್ಟೇ ಹಾಕಿದ್ದು. (ಎಲೆಕ್ಟ್ರಾನಿಕ್ ಶಾಕ್ ಇರುವ ಕಾರಾದರೆ ಎಚ್ಚರ. ಮಾಮೂಲಿ ಶಾಕ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಉರಿಯುತ್ತದೆ.)

ಫಿಟ್ಟಿಂಗ್‌ನಲ್ಲಿ ಎರಡು ವಿಷಯಕ್ಕೆ ನಾನು ಹುಡುಗರ ಹಿಂದೆಯೇ ನಿಲ್ಲುತ್ತೇನೆ. ಶಾಕ್‌ನ ಮೇಲಿನ ನಟ್‌ಗೆ ನಟ್ ಬಿಗಿಯುವ ಗನ್ ಹಿಡಿಯುವಂತಿಲ್ಲ. ರಾಡ್ ಗಿರಗಿರ ತಿರುಗಿ ಹೊಸ ಸೀಲ್ ಹಾಳಾಗುತ್ತದೆ. ಅಲನ್ ಕೀಯಲ್ಲಿ ರಾಡ್ ಹಿಡಿದು ಕೈಯಲ್ಲೇ ಬಿಗಿ ಮಾಡಬೇಕು. ಎರಡನೆಯದು, ಕೀಲಿನಲ್ಲಿ ರಬ್ಬರ್ ಬುಷ್ (ರಬ್ಬರ್ ಬಳೆ) ಇರುವ ಆರ್ಮ್‌ಗಳ ಬೋಲ್ಟ್. ಕಾರು ಲಿಫ್ಟ್‌ನಲ್ಲಿ ನೇತಾಡುತ್ತಿರುವಾಗ ಅದನ್ನು ಪೂರ್ತಿ ಬಿಗಿ ಮಾಡಿದರೆ, ಕೆಳಗಿಳಿಸಿದ ಮೇಲೆ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಕೂತ ಮೇಲೇ ಕೊನೆಯ ಬಿಗಿ. ಆಮೇಲೆ ವೀಲ್ ಅಲೈನ್‌ಮೆಂಟ್, ಅದನ್ನು ಬಿಡುವ ಹಾಗೇ ಇಲ್ಲ.

ಹಳೆಯ ಜಾಗದಲ್ಲೇ ಹೊಸ ಟೈ ಕಟ್ಟಿ ಕಾರು ಕೊಟ್ಟೆ. ವಾರ ಬಿಟ್ಟು ಓನರ್ ಬಂದರು. "ಸರ್, ಮೊದಲಿಗಿಂತ ಮೆತ್ತಗಿದೆ ಅನ್ಸುತ್ತೆ, ಆದ್ರೆ ಅದೇ ತಿರುವಿನಲ್ಲಿ ಜಾರಲೇ ಇಲ್ಲ" ಅಂದರು. ಲಿಫ್ಟ್‌ಗೆ ಹಾಕಿ ಕವರ್ ಎತ್ತಿದೆ. ಟೈ ಬಂಪ್ ಸ್ಟಾಪ್‌ಗಿಂತ ಎರಡು ಬೆರಳು ಕೆಳಗೇ ನಿಂತಿತ್ತು.