ಕಣ್ಣೆದುರಿಗಿದ್ದ ಫೈಲು ‘ಇಲ್ಲ’ ಅಂದಾಗ

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಅಂಗಡಿಯೊಂದರ ತೂಕದ ಯಂತ್ರದ ಪಕ್ಕ, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಇಟ್ಟು ಕೂತಿದ್ದ ನಮ್ಮ ಅಕ್ಕನ ಮಗ. ಕೊನೆಯ ವರ್ಷದ ಪ್ರಾಜೆಕ್ಟು. ಚೀಲದ ತೂಕ ಓದಿ ಲೆಕ್ಕ ಬರೆದಿಡುವ ಪ್ರೋಗ್ರಾಂ ಪೈಥಾನ್‌ನಲ್ಲಿತ್ತು. ಯಂತ್ರದಿಂದ ಬರುವ ಅಂಕಿಗಳನ್ನು ಬಿಡಿಸುವ ಭಾಗ ಮಾತ್ರ ಸಿ ಭಾಷೆಯ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಕರೆದು ಬಳಸುವ ಕೋಡಿನ ಕಟ್ಟು. ಮನೆಯ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡಿದ್ದನ್ನು ಪೆನ್‌ಡ್ರೈವಿನಲ್ಲಿ ತಂದು ಪೈಗೆ ಹಾಕಿದ. ‘ಅಂಥ ಫೈಲು ಇಲ್ಲ’ ಎಂದಿತು ಪೈ.

“ಇಲ್ಲೇ ಐತಲ್ಲ ಮಾಮ, ಕಣ್ಮುಂದೆ!” ಅಂದ. ಇತ್ತು. ಹೆಸರೂ ಸರಿಯಿತ್ತು.

ಆ ಫೈಲಿನ ಬೈಟುಗಳನ್ನೇ ಬಿಚ್ಚಿ ನೋಡಿದೆವು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಇಂಥ ಫೈಲುಗಳೆಲ್ಲ, ಹದಿನಾರರ ಎಣಿಕೆಯಲ್ಲಿ (ಹೆಕ್ಸಾಡೆಸಿಮಲ್), 7ಎಫ್ 45 4ಸಿ 46 ಎಂದು ಶುರುವಾಗುತ್ತವೆ. ಕೊನೆಯ ಮೂರು ‘ಇಎಲ್‌ಎಫ್’ ಎಂಬ ಅಕ್ಷರಗಳು. ಹತ್ತೊಂಬತ್ತನೇ ಬೈಟಿನಲ್ಲಿ 3ಇ ಇತ್ತು, ಅಂದರೆ 62: ಲ್ಯಾಪ್‌ಟಾಪಿನ ಎಕ್ಸ್86-64 ಪ್ರೊಸೆಸರಿನ ಗುರುತು. ಪೈಯ 64 ಬಿಟ್ ಆರ್ಮ್ ಪ್ರೊಸೆಸರಿಗೆ ಅಲ್ಲಿ ಬಿ7, ಅಂದರೆ 183 ಇರಬೇಕು. ಲೈಬ್ರರಿಯನ್ನು ಮೆಮೊರಿಗೆ ತರುವ ಲೋಡರ್, ಫೈಲನ್ನು ತೆರೆದು, ಗುರುತು ನೋಡಿ, ತನ್ನದಲ್ಲವೆಂದು ಮುಚ್ಚಿಟ್ಟು, ನಮಗೆ ಮಾತ್ರ ‘ಇಲ್ಲ’ ಅಂದಿತ್ತು. ‘ನನ್ನದಲ್ಲ’ ಅನ್ನಬೇಕಾದ ಕಡೆ ‘ಇಲ್ಲ’ ಅನ್ನುವ ಈ ಚಾಳಿ ಎಷ್ಟು ಜನರ ರಾತ್ರಿ ನಿದ್ದೆ ಕೆಡಿಸಿದೆಯೋ! ಪೈಥಾನ್ ಪ್ರೋಗ್ರಾಂ ಪೈಥಾನ್ ಇರುವ ಯಾವ ಪ್ರೊಸೆಸರಿನ ಮೇಲಾದರೂ ಓಡುತ್ತದೆ. ಕಂಪೈಲ್ ಆದ, ಅಂದರೆ ಪ್ರೊಸೆಸರಿನ ಭಾಷೆಗೆ ಇಳಿದ ಸಿ ಮಾತ್ರ ಒಂದೇ ಜಾತಿಯ ಪ್ರೊಸೆಸರಿಗೆ ಸೀಮಿತ.

ಲೈಬ್ರರಿ ಎಂಬ ಹೆಸರು ಬಹಳ ಹಳೆಯದು. 1949ರಲ್ಲಿ ಕೆಲಸ ಶುರುಮಾಡಿದ ಕೇಂಬ್ರಿಡ್ಜಿನ ಎಡ್ಸ್ಯಾಕ್ ಕಂಪ್ಯೂಟರಿಗೆ, ಪದೇ ಪದೇ ಬೇಕಾಗುವ ಲೆಕ್ಕಗಳನ್ನು ತೂತು ಕೊರೆದ ಕಾಗದದ ಪಟ್ಟಿಗಳಲ್ಲಿ ಜೋಡಿಸಿಟ್ಟಿರುತ್ತಿದ್ದರು. ಬೇಕಾದ ಪಟ್ಟಿಯ ಪ್ರತಿಯನ್ನು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುತ್ತಿದ್ದರು. ಇವತ್ತಿನ ಸ್ಟ್ಯಾಟಿಕ್ ಲೈಬ್ರರಿ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. ಅದು ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ: ಬೇಕಾದಷ್ಟು ತುಂಬಿಕೊಂಡು ಹೋದರೆ ದಾರಿಯಲ್ಲಿ ಯಾರ ಹಂಗೂ ಇಲ್ಲ. ಶೇರ್ಡ್ ಲೈಬ್ರರಿಯದು ಖಾನಾವಳಿ ಲೆಕ್ಕ, ಒಂದೇ ಅಡುಗೆ ಹತ್ತಾರು ಎಲೆಗೆ: ಒಂದೇ ಫೈಲನ್ನು ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುತ್ತವೆ. 2014ರಲ್ಲಿ, ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸಿಕ್ಕಾಗ, ಖಾನಾವಳಿಯವರು ಒಂದು ಫೈಲು ಬದಲಿಸಿ ಪ್ರೋಗ್ರಾಮುಗಳನ್ನು ಮತ್ತೆ ಶುರುಮಾಡಿದರೆ ದೋಷ ಮುಚ್ಚುತ್ತಿತ್ತು. ಬುತ್ತಿಯವರು ಒಂದೊಂದು ಗಂಟನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಆದರೆ ಖಾನಾವಳಿಗೆ ಒಂದು ಪೇಚಿದೆ. ಶೇರ್ಡ್ ಲೈಬ್ರರಿ ಮೆಮೊರಿಯಲ್ಲಿ ಎಲ್ಲಿ ಕೂರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಒಂದೊಂದು ಪ್ರೋಗ್ರಾಮಿನಲ್ಲಿ ಒಂದೊಂದು ಕಡೆ. ಹಾಗಾಗಿ ‘ಪಿಜೆ ಬಡಾವಣೆ, ಇಂಥ ಡೋರ್ ನಂಬರ್’ ಎಂದು ವಿಳಾಸ ಬರೆದರೆ ಉಪಯೋಗವಿಲ್ಲ. ‘ನೀನು ನಿಂತಲ್ಲಿಂದ ಎಡಕ್ಕೆ ಮೂರನೇ ಮನೆ’ ಎನ್ನಬೇಕು. ಕಂಪೈಲರಿಗೆ ಹೀಗೆ ಬರೆಯಲು ಹೇಳುವ ಸ್ವಿಚ್ಚೇ ಎಫ್‌ಪಿಐಸಿ. ಹಳೆಯ 32 ಬಿಟ್ ಎಕ್ಸ್86ಕ್ಕೆ ಡೇಟಾ ಹುಡುಕುವಾಗ ‘ನಿಂತಲ್ಲಿಂದ’ ಎನ್ನುವ ಮಾತೇ ಬರುತ್ತಿರಲಿಲ್ಲ. ಪ್ರೊಸೆಸರಿನೊಳಗೆ ಲೆಕ್ಕಕ್ಕೆಂದು ಇರುವ ಎಂಟೇ ಪುಟ್ಟ ಖಾನೆಗಳಲ್ಲಿ (ರಿಜಿಸ್ಟರುಗಳಲ್ಲಿ) ಒಂದನ್ನು ಸಾಮಾನ್ಯವಾಗಿ ಅದಕ್ಕೇ ಮೀಸಲಿಡಬೇಕಿತ್ತು. 64 ಬಿಟ್ ಬಂದ ಮೇಲೆ ಆ ಕಷ್ಟ ತಪ್ಪಿತು. ಬುತ್ತಿಗೆಂದು ಡೋರ್ ನಂಬರ್ ಹಾಕಿ ಕಂಪೈಲ್ ಮಾಡಿದ್ದನ್ನು ಶೇರ್ಡ್ ಲೈಬ್ರರಿಯೊಳಗೆ ತುರುಕಲು ಹೋದರೆ ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಎಕ್ಸ್86-64ರ ಲಿಂಕರ್ ಮುಲಾಜಿಲ್ಲದೆ ವಾಪಸ್ ಕಳಿಸುತ್ತದೆ, ಮತ್ತೆ ಎಫ್‌ಪಿಐಸಿ ಹಾಕಿ ಮಾಡಿಕೊಂಡು ಬಾ ಎನ್ನುತ್ತದೆ. ಅಷ್ಟಾದರೂ ಬಾಯಿಬಿಟ್ಟು ಹೇಳುತ್ತದಲ್ಲ.

ಹುಡುಗ ಲೈಬ್ರರಿಯನ್ನು ಪೈ ಮೇಲೆಯೇ ಹೊಸದಾಗಿ ಕಂಪೈಲ್ ಮಾಡಿದ. ಈಗ ಫೈಲು ‘ಸಿಕ್ಕಿತು’. ಪ್ರೋಗ್ರಾಂ ಓಡಿತು, ಆದರೆ ನಿಲ್ಲಲೇ ಇಲ್ಲ. ಹಳೆಯ ತೂಕಗಳ ಫೈಲನ್ನು ಓದುತ್ತ ಓದುತ್ತ, ಮುಗಿದ ಮೇಲೂ ಓದುತ್ತಲೇ ಇತ್ತು. ಚಹಾ ಬಂದು ಆರಿಯೂ ಹೋಯಿತು.

ತಪ್ಪು ಸಿ ಲೈಬ್ರರಿಯ ಒಂದೇ ಪದದಲ್ಲಿತ್ತು. ಒಂದೊಂದೇ ಅಕ್ಷರ ಓದುತ್ತ ಫೈಲು ಮುಗಿದಾಗ ಸಿ ಭಾಷೆಯಲ್ಲಿ ಸಾಮಾನ್ಯವಾಗಿ -1 ಬರುತ್ತದೆ. ಅದನ್ನು ಇವನು ‘ಕ್ಯಾರ್’ ಎಂಬ ಒಂದು ಬೈಟಿನ ಡಬ್ಬಿಯಲ್ಲಿ ಹಿಡಿದಿದ್ದ. ಲ್ಯಾಪ್‌ಟಾಪಿನಲ್ಲಿ ಆ ಡಬ್ಬಿ ಋಣ ಸಂಖ್ಯೆಯನ್ನೂ ಇಟ್ಟುಕೊಳ್ಳುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ಅದೇ ಡಬ್ಬಿ 0ಯಿಂದ 255ರವರೆಗೆ ಮಾತ್ರ ಎಣಿಸುತ್ತದೆ. -1 ಹಾಕಿದರೆ 255 ಆಗಿ ಹೊರಬರುತ್ತದೆ. 255 ಎಂದಾದರೂ -1 ಆದೀತೇ?

‘ಕ್ಯಾರ್’ ಅಳಿಸಿ, ಋಣ ಸಂಖ್ಯೆಯನ್ನೂ ಹಿಡಿಯುವ ದೊಡ್ಡ ಡಬ್ಬಿ ‘ಇಂಟ್’ ಎಂದು ಬರೆದ. ಹೊರಗೆ ಹಮಾಲರು ಮುಂದಿನ ಚೀಲ ಎತ್ತಿ ತಕ್ಕಡಿ ಮೇಲಿಟ್ಟಿದ್ದರು.